ಹಳೆಯ ಮಾರುತಿ 800ಕ್ಕೆ ಮ್ಯಾಟ್ ಕಪ್ಪು: ಕರಾವಳಿಯ ಮೂರು ಮಳೆಗಾಲ ಕಳೆದ ಮೇಲೆ

ಒಂದೇ ಕಾರಿನ ಮೇಲೆ ಮೂರು ಬಗೆಯ ಮ್ಯಾಟ್, ಅಂದರೆ ಹೊಳಪಿಲ್ಲದ, ಕಪ್ಪು. ಕಾರಿನ ಮೈಗೆ ಹಾರ್ಡ್‌ನರ್ (ಪೈಂಟನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿ ಗನ್‌ನಲ್ಲಿ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಪೈಂಟ್, ಗ್ರಿಲ್, ಕನ್ನಡಿ, ಪೆಟ್ರೋಲ್ ಮುಚ್ಚಳಕ್ಕೆ 400 ಎಂ.ಎಲ್. ಸ್ಪ್ರೇ ಕ್ಯಾನ್, ವೀಲ್ ಕ್ಯಾಪ್‌ಗೆ ಬೇಕಾದಾಗ ಸುಲಿದು ತೆಗೆಯುವ ರಬ್ಬರ್ ಕೋಟಿಂಗ್. ಕಾರು ನಿಲ್ಲುವುದು ಸುರತ್ಕಲ್ ಕಡೆಯ ಒಂದು ಅಂಗಳದಲ್ಲಿ, ಬೆಳಿಗ್ಗೆ ತೆಂಗಿನ ನೆರಳು, ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು, ಇಡೀ ದಿನ ಉಪ್ಪುಗಾಳಿ. ಸಾಮಾನಿಗೆ ಆಗ ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು, ಕೆಲಸ ಮನೆಯ ಶೆಡ್‌ನಲ್ಲೇ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಪಿ.ಯು. ಪಾಸು, ಸ್ಪ್ರೇ ಕ್ಯಾನ್ ಫೇಲು, ರಬ್ಬರ್ ಕೋಟಿಂಗ್ ಆಸೆ ತೀರಿಸಿಕೊಳ್ಳಲು ಅಡ್ಡಿಯಿಲ್ಲ.

ಹಳೆಯ ಕಾರಿಗೆ ಹೊಳೆಯುವ ಕಪ್ಪು ಹೊಡೆದರೆ ಹಿಂದೆ ಮಾಡಿಸಿದ ಟಿಂಕರಿಂಗ್ ಎಲ್ಲ ಬಯಲಾಗುತ್ತದೆ. ಡೋರಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಬೆಳಕು ಹಾವಿನ ಹಾಗೆ ಡೊಂಕಾಗಿ ಕಾಣುತ್ತದೆ. ಮ್ಯಾಟ್‌ನಲ್ಲಿ ಬೆಳಕು ಚದುರಿಹೋಗುವುದರಿಂದ ಈ ಅಲೆಗಳು ಅಡಗುತ್ತವೆ. ಪುಟ್ಟಿ ಕೆಲಸ ಸಾಧಾರಣವಾಗಿದ್ದರೂ ನಡೆಯುತ್ತದೆ. ಆದರೆ ತಗ್ಗುದಿಣ್ಣೆ ಮುಚ್ಚುವ ಇದೇ ಪೈಂಟು ಗನ್ ಹಿಡಿದವನ ಕೈತಪ್ಪನ್ನು ಮುಚ್ಚುವುದಿಲ್ಲ. ಹೊಳಪಿನ ಪೈಂಟಿನಲ್ಲಿ ಧೂಳು ಕೂತರೆ 2000 ನಂಬರಿನ ಸ್ಯಾಂಡ್ ಪೇಪರ್ ಉಜ್ಜಿ ರಬ್ಬಿಂಗ್ ಕಾಂಪೌಂಡ್ (ಹೊಳಪು ಬರಿಸುವ ಪೇಸ್ಟ್) ಹಾಕಿ ಸರಿಮಾಡಬಹುದು. ಮ್ಯಾಟ್ ಉಜ್ಜಿದರೆ ಉಜ್ಜಿದಷ್ಟು ಜಾಗ ಹೊಳೆಯುತ್ತದೆ. ಗನ್ನಿನಿಂದ ಬಂದದ್ದೇ ಕೊನೆ, ತಿದ್ದುಪಡಿ ಇಲ್ಲ.

ಹೊಡೆಯುವ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಆಗ ಬೆಳಿಗ್ಗೆ ಮೂಡಣದ ಒಣಗಾಳಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ತಿರುಗಿ ಪಸೆ, ಧೂಳು ಎರಡನ್ನೂ ತರುತ್ತದೆ. ಹಾಗಾಗಿ ಇಬ್ಬನಿ ಆರಿ ತಗಡು ಬೆಚ್ಚಗಾದ ಮೇಲೆ, ಒಂಬತ್ತರಿಂದ ಹನ್ನೆರಡರ ಒಳಗೆ ಕೆಲಸ ಮುಗಿಸಬೇಕು. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 80 ದಾಟಬಾರದು. ತೇವಾಂಶ ನೋಡಲು ಗೋಡೆಗೆ ನೇತುಹಾಕುವ ಅಗ್ಗದ ಮಾಪಕ ಸಾಕು. ಪಿ.ಯು. ಹಾರ್ಡ್‌ನರ್ ನೀರಿನ ಜೊತೆ ಸೇರಿದರೆ ಗ್ಯಾಸ್ ಬಿಟ್ಟು ಸೂಜಿಮೊನೆಯಷ್ಟು ತೂತು ಎಬ್ಬಿಸುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ರೇಟು ಕಡಿಮೆ ಅಂತ ಗ್ಯಾರೇಜಿಗೆ ಬಿಡುವವರಿದ್ದಾರೆ, ಬೇಡ ಮಾರಾಯ್ರೆ.

ನಮ್ಮ ಕಡೆ ಪೈಂಟ್ ಹಾಳಾಗುವುದು ಮೇಲಿನಿಂದಲ್ಲ, ಅಡಿಯಿಂದ. ಮಾರುತಿ 800ರಲ್ಲಿ ತುಕ್ಕು ಹುಡುಕಬೇಕಾದ ಜಾಗ: ಮುಂದಿನ ಫೆಂಡರಿನ ಕೆಳತುದಿ, ಡೋರಿನ ಅಡಿಯ ಮಡಿಕೆ, ರನ್ನಿಂಗ್ ಬೋರ್ಡ್, ರೂಫಿನ ನೀರು ಹರಿಯುವ ಗಟರ್, ಮುಂದಿನ ಗಾಜಿನ ರಬ್ಬರಿನ ಅಡಿ. ಗುಳ್ಳೆ ಎದ್ದಲ್ಲಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಒಳಗೆ ಇಳಿದರೆ ಅಲ್ಲಿ ಪುಟ್ಟಿಗೆ ಕೆಲಸವಿಲ್ಲ, ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಲೇಬೇಕು. ಉಳಿದ ಕಡೆ ವೈರ್ ಬ್ರಷ್, ಮತ್ತೆ 80ರ ಪೇಪರ್, ಬೆಳ್ಳಿ ಬಣ್ಣದ ತಗಡು ಕಾಣುವ ತನಕ. ಆಮೇಲೆ ಅದೇ ದಿನ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್. ಬರಿ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅದರ ಮೇಲೆ ತೆಳು ಕೆಂಪು ಪೊರೆ ಬಂದಿರುತ್ತದೆ, ಸುರತ್ಕಲ್, ಮಲ್ಪೆಯಂಥ ಕಡೆ ಇದು ಗ್ಯಾರಂಟಿ.

ಪುಟ್ಟಿಯ ವಿಷಯದಲ್ಲಿ ಹೆಚ್ಚಿನ ಗ್ಯಾರೇಜುಗಳು ಮಾಡುವ ತಪ್ಪೊಂದುಂಟು: ನೀರು ಹಾಕಿ ಉಜ್ಜುವುದು. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಅದರ ಮೇಲೆ ಪೈಂಟ್ ಹೊಡೆದರೆ ನೀರು ಒಳಗೇ ಸಿಕ್ಕಿಬಿದ್ದು, ಮೊದಲ ಬೇಸಿಗೆಯಲ್ಲಿ ಗುಳ್ಳೆ, ಎರಡನೇ ಮಳೆಗೆ ತುಕ್ಕು. ಮೊದಲು ಎಪಾಕ್ಸಿ, ಅದು ಒಣಗಿದ ಮೇಲೆ 180ರಲ್ಲಿ ತರಿ ಮಾಡಿ ಪುಟ್ಟಿ, ಅದನ್ನು ಒಣಗಾಗಿಯೇ ಉಜ್ಜುವುದು. ಈ ಕಾರಿನಲ್ಲಿ ಹೀಗೆ ಮಾಡಿದ ಜಾಗಗಳೆಲ್ಲ ಈಗಲೂ ಗಟ್ಟಿ. ಎಡಗಡೆಯ ಹಿಂದಿನ ಡೋರಿನ ಅಡಿಯಲ್ಲಿ ಮಾತ್ರ ನೀರು ಇಳಿಯುವ ತೂತಿಗೆ ಪುಟ್ಟಿ ಮೆತ್ತಿಕೊಂಡಿತ್ತು. ಎರಡನೇ ವರ್ಷದ ಜುಲೈಗೆ ಅಲ್ಲಿ ಹತ್ತು ಪೈಸೆ ನಾಣ್ಯದಷ್ಟು ಗುಳ್ಳೆ. ಡೋರ್ ಅಲುಗಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳುತ್ತಿತ್ತು. ತೂತುಗಳಿಗೆ ಪೈಂಟಿಂಗ್‌ಗೆ ಮೊದಲೇ ಬೆಂಕಿಕಡ್ಡಿ ಸಿಕ್ಕಿಸಿಡಿ, ಕೊನೆಗೆ ಎಳೆದು ತೆಗೆಯಿರಿ.

ಹಳೆಯ ಪೈಂಟನ್ನು ಪೂರ್ತಿ ಕೀಳಬೇಕಾಗಿಲ್ಲ. ಆದರೆ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಪ್ರತಿ ಪ್ಯಾನೆಲ್ ಮೇಲೆ ಅರ್ಧ ನಿಮಿಷ ಒತ್ತಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಅಲ್ಲಿ ಯಾವಾಗಲೋ ಅಗ್ಗದ ಪೈಂಟ್ ಹೊಡೆದಿದ್ದಾರೆ ಅಂತ ಅರ್ಥ. ಅದರ ಮೇಲೆ ಪಿ.ಯು. ಬಿದ್ದರೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ಅಂಥ ಪ್ಯಾನೆಲನ್ನು ಕೆರೆದು ತೆಗೆಯಲೇಬೇಕು. ಉಳಿದವಕ್ಕೆ ಪಿ.ಯು. ಸರ್ಫೇಸರ್ (ಪೈಂಟಿಗೆ ಮೊದಲು ಮೈ ಸಮಮಾಡುವ ಕೋಟ್) ಎರಡು ಕೋಟ್, 400, ಕೊನೆಗೆ 600ರ ಪೇಪರ್. 320ಕ್ಕೆ ನಿಲ್ಲಿಸಿದರೆ ಗೀರು ಮ್ಯಾಟ್‌ನ ಅಡಿಯಿಂದ ಎದ್ದು ಕಾಣುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟಯರ್ ಪಾಲಿಶ್‌ಗಳನ್ನು ಒಂದು ವಾರ ಮೊದಲೇ ಶೆಡ್‌ನಿಂದ ಹೊರಗಿಡಿ. ಸಿಲಿಕಾನ್ ತಾಗಿದಲ್ಲಿ ಪೈಂಟ್ ದೂರ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ.

ಹೊರಮೈಗೆ ಮಾತ್ರ ಹೊಡೆಯುವುದಾದರೆ ಮಾರುತಿ 800ಕ್ಕೆ 2 ಲೀಟರ್ ಮ್ಯಾಟ್ ಕಪ್ಪು, 4ಕ್ಕೆ 1ರ ಲೆಕ್ಕದಲ್ಲಿ ಅರ್ಧ ಲೀಟರ್ ಹಾರ್ಡ್‌ನರ್, ಮುಕ್ಕಾಲು ಲೀಟರ್ ಪಿ.ಯು. ಥಿನ್ನರ್, ಒಂದೊಂದು ಲೀಟರ್ ಎಪಾಕ್ಸಿ ಮತ್ತು ಸರ್ಫೇಸರ್ ಸಾಕು. ಬೆರಕೆಯ ಅಳತೆ ಕಂಪೆನಿಯಿಂದ ಕಂಪೆನಿಗೆ ಬೇರೆ, ಡಬ್ಬಿಯ ಮೇಲಿನದ್ದೇ ಕೊನೆಯ ಮಾತು. ಡೋರಿನ ಒಳಬದಿ, ಡಿಕ್ಕಿಯ ಚೌಕಟ್ಟು ಕೂಡ ಬೇಕೆಂದರೆ ಇನ್ನೊಂದು ಲೀಟರ್.

ಈಗ ಮುಖ್ಯ ವಿಷಯ. ಪೈಂಟಿಗೆ ಮ್ಯಾಟ್ ಗುಣ ಕೊಡುವ ಪುಡಿ ಡಬ್ಬಿಯ ತಳದಲ್ಲಿ ಕೆಸರಿನ ಹಾಗೆ ಕೂತಿರುತ್ತದೆ. ಚಪ್ಪಟೆ ಕೋಲು ಹಾಕಿ ತಳ ಕೆರೆದು ಐದು ನಿಮಿಷ ಕಲಕಬೇಕು, ಅಲುಗಾಡಿಸಿದರೆ ಸಾಲದು. ಪೈಂಟಿನ ಎರಡೂ ಡಬ್ಬಿಯನ್ನು ಒಂದೇ ಬಕೆಟ್ಟಿಗೆ ಸುರಿದು ಒಂದು ಮಾಡಿಕೊಳ್ಳಿ, ಇಲ್ಲವಾದರೆ ಎಡಗಡೆ ಒಂದು ಕಪ್ಪು, ಬಲಗಡೆ ಇನ್ನೊಂದು ಕಪ್ಪು. ಹಾರ್ಡ್‌ನರನ್ನು ಮಾತ್ರ ಒಂದು ಕೋಟಿಗೆ ಬೇಕಾದಷ್ಟೇ ಬೆರೆಸಬೇಕು. ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಅನ್ನುವುದು ತಪ್ಪು ಲೆಕ್ಕ. ಅಳತೆ ಬದಲಾದರೆ ಹೊಳಪೂ ಬದಲಾಗುತ್ತದೆ.

ಗನ್ನಿಗೆ 1.3 ಅಥವಾ 1.4 ಎಂ.ಎಂ. ನಾಜಲ್, ಟ್ರಿಗರ್ ಒತ್ತಿದಾಗ 25ರಿಂದ 30 ಪಿ.ಎಸ್.ಐ. ಗಾಳಿಯ ಒತ್ತಡ, ಒಂದು ಗೇಣು ದೂರ, ಹಿಂದಿನ ಗೆರೆಯ ಮುಕ್ಕಾಲು ಭಾಗ ಮುಚ್ಚುವಂತೆ ಮುಂದಿನ ಗೆರೆ. ಒಂದು ಎಚ್.ಪಿ.ಯ ಸಣ್ಣ ಕಂಪ್ರೆಸರ್ ದೊಡ್ಡ ಎಚ್.ವಿ.ಎಲ್.ಪಿ. (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್ನಿನ ಗಾಳಿಯ ದಾಹ ತೀರಿಸುವುದಿಲ್ಲ. ಬಾನೆಟ್ಟಿನ ಅರ್ಧಕ್ಕೆ ಬರುವಾಗ ಪ್ರೆಶರ್ ಇಳಿದು ಹನಿ ದಪ್ಪವಾಗುತ್ತದೆ. 3 ಎಚ್.ಪಿ.ಯದ್ದು ದಿನದ ಬಾಡಿಗೆಗೆ ತಂದರೆ ತಲೆಬಿಸಿ ಇಲ್ಲ. ಕೋಟಿನಿಂದ ಕೋಟಿಗೆ ಟ್ಯಾಂಕಿನ ಅಡಿಯ ವಾಲ್ವ್ ಬಿಚ್ಚಿ ನೀರು ಬಿಡಿ, ನಮ್ಮ ಹವೆಯಲ್ಲಿ ಒಂದು ಗ್ಲಾಸಿನಷ್ಟು ಬಂದರೂ ಆಶ್ಚರ್ಯವಿಲ್ಲ. ನೀರು ತಡೆಯುವ ಫಿಲ್ಟರ್ ಗನ್ನಿನ ಹತ್ತಿರವೇ ಇರಲಿ.

ಮೊದಲ ಕೋಟ್ ತೆಳು, ಎರಡನೆಯದು ತುಂಬು, ನಡುವೆ 20 ನಿಮಿಷ. ಒದ್ದೆ ಹೊಳಪು ಪೂರ್ತಿ ಸಾಯುವ ತನಕ ಕಾಯಬೇಕು. ಅವಸರ ಮಾಡಿದ ಕಡೆ ಥಿನ್ನರ್ ಸಿಕ್ಕಿಕೊಂಡು ಹೊಳಪಿನ ತೇಪೆ ಉಳಿಯುತ್ತದೆ. ರೂಫ್, ಬಾನೆಟ್‌ಗಳಲ್ಲಿ ಪಟ್ಟೆ ಬೀಳುವುದು ಹೆಚ್ಚು. ಅದಕ್ಕೆ ಕೊನೆಯ ಕೋಟನ್ನು ಮೊದಲಿನದಕ್ಕೆ ಅಡ್ಡವಾಗಿ, ಗನ್ ಇನ್ನೂ ನಾಲ್ಕು ಬೆರಳು ಹಿಂದಿಟ್ಟು ಹೊಡೆಯಬೇಕು. ಪ್ಯಾನೆಲ್ಲಿನ ನಡುವೆ ನಿಲ್ಲಬಾರದು, ಫೋನ್ ಬಂದರೂ. ಇನ್ನೊಂದು ಮಾತು: ಹಾರ್ಡ್‌ನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ಬರಿಸಬಲ್ಲದು. ಮುಖಕ್ಕೆ ಬೈರಾಸು (ಟವೆಲ್) ಕಟ್ಟಿಕೊಂಡರೆ ಏನೇನೂ ಪ್ರಯೋಜನವಿಲ್ಲ. ಹೊಸ ಕಾರ್ಟ್ರಿಜ್ ಇರುವ ರೆಸ್ಪಿರೇಟರ್, ಗಾಗಲ್ಸ್, ಗ್ಲೌಸ್ ಹಾಕಿ, ಶೆಡ್ಡಿನ ಎರಡು ಬದಿ ತೆರೆದಿಟ್ಟರೆ ಮಾತ್ರ ಮನೆಯಲ್ಲಿ ಮಾಡಿ. ಅಷ್ಟು ಅನುಕೂಲ ಇಲ್ಲವೆಂದರೆ ತಯಾರಿ ಮನೆಯಲ್ಲಿ ಮುಗಿಸಿ ಪೈಂಟ್ ಹೊಡೆಯುವುದನ್ನಷ್ಟೇ ಬೂತ್ ಇರುವ ಗ್ಯಾರೇಜಿಗೆ ಕೊಡಿ. ಬಜೆಟ್ ಸ್ವಲ್ಪ ಹೆಚ್ಚುತ್ತದೆ, ಫಿನಿಶಿಂಗ್ ಕೂಡ ಹೆಚ್ಚುತ್ತದೆ.

ಮೂರು ಮಳೆಗಾಲದ ಮೇಲೆ ಪಿ.ಯು. ಬಣ್ಣ ಇನ್ನೂ ಕಪ್ಪು. ರೂಫನ್ನು ಬೆರಳಿನಿಂದ ತಿಕ್ಕಿದರೆ ಸುಣ್ಣದಂಥ ಪುಡಿ ಬರುವುದಿಲ್ಲ. ಬದಲಾದದ್ದು ಕೈ ತಾಗುವ ಜಾಗ: ಡ್ರೈವರ್ ಡೋರಿನ ಕಿಟಕಿಯ ಕೆಳಗೆ ಮೊಣಕೈ ಊರುವ ಒಂದಡಿ, ಹ್ಯಾಂಡಲಿನ ಹಿಂದೆ ಉಗುರು ತಾಗುವ ಅರ್ಧಚಂದ್ರ, ಡಿಕ್ಕಿ ಒತ್ತಿ ಮುಚ್ಚುವಲ್ಲಿ ಅಂಗೈಯ ಅಗಲ. ಇವು ಸವೆದದ್ದಲ್ಲ, ಉಜ್ಜಿ ಉಜ್ಜಿ ಹೊಳಪಾದದ್ದು. ಇದಕ್ಕೆ ಮದ್ದಿಲ್ಲ. ಸ್ಪ್ರೇ ಕ್ಯಾನಿನ ಗ್ರಿಲ್, ಕನ್ನಡಿ ಒಂದೇ ಬೇಸಿಗೆಗೆ ಬೂದಿ ಬಣ್ಣಕ್ಕೆ ತಿರುಗಿದವು. ಪೆಟ್ರೋಲ್ ಮುಚ್ಚಳದ ಕೆಳಗೆ ತುಳುಕಿದ ಪೆಟ್ರೋಲು ಪೈಂಟನ್ನು ಕರಗಿಸಿ ಕಾಡಿಗೆಯ ಹಾಗೆ ಇಳಿಸಿತು. ಹಾರ್ಡ್‌ನರ್ ಇಲ್ಲದ ಪೈಂಟಿನ ಹಣೆಬರಹವೇ ಅದು. ಇಡೀ ಕಾರಿಗೆ ಕ್ಯಾನ್ ಹೊಡೆಯಲು ಹದಿನೈದು ಇಪ್ಪತ್ತು ಬೇಕು, ಆ ದುಡ್ಡಿಗೆ ಪಿ.ಯು. ಬರುತ್ತದೆ. ವೀಲ್ ಕ್ಯಾಪಿನ ರಬ್ಬರ್, ಐದು ಕೋಟ್ ಹಾಕಿದ ಎರಡರಲ್ಲಿ ಒಂದೇ ಹಾಳೆಯಾಗಿ ಸುಲಿದು ಬಂತು. ಮೂರೇ ಕೋಟ್ ಹಾಕಿದ ಇನ್ನೆರಡರಲ್ಲಿ ಉಗುರಿನಿಂದ ಚೂರು ಚೂರಾಗಿ ಕೀಳಬೇಕಾಯಿತು. ಪ್ರೆಶರ್ ವಾಶ್ ಹತ್ತಿರ ಹಿಡಿದರೆ ಅಂಚು ಏಳುತ್ತದೆ.

ತೊಳೆಯುವಾಗ ಕಾರ್ ಶಾಂಪೂ, ನೀರು, ಮೈಕ್ರೋಫೈಬರ್ ಬಟ್ಟೆ ಇಷ್ಟೇ. ವ್ಯಾಕ್ಸ್ ಬೇಡ, ಸೀಮೆಎಣ್ಣೆ ಬೇಡ, ಬ್ರಷ್ ತಿರುಗುವ ಮೆಷಿನ್ ವಾಶ್ ಬೇಡ. ಸರ್ವಿಸ್ ಸ್ಟೇಷನ್ನಿನಲ್ಲಿ ಕೊನೆಗೆ ಪ್ರೀತಿಯಿಂದ ಪಾಲಿಶ್ ಒರೆಸಲು ಬರುತ್ತಾರೆ, ಬಾನೆಟ್ ಮೇಲೆ ಚೀಟಿ ಅಂಟಿಸಿಯಾದರೂ ತಡೆಯಿರಿ. ಮುರಕಲ್ಲಿನ ಕೆಂಪು ಧೂಳನ್ನು ಒಣಬಟ್ಟೆಯಲ್ಲಿ ಒರೆಸಬಾರದು, ಅದೇ ಸ್ಯಾಂಡ್ ಪೇಪರ್ ಆಗುತ್ತದೆ. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಹಚ್ಚುವುದು ಮನೆಮನೆಯ ರೂಢಿ. ಇಲ್ಲಿ ಎಣ್ಣೆಯ ಕಲೆ ಮೇಣಕ್ಕಿಂತ ಹಠಮಾರಿ. ಮೊದಲೇ ಹಲಸಿನ ಬುಡ ಬಿಟ್ಟು ನಿಲ್ಲಿಸಿ.

ಆರ್‌ಸಿಯಲ್ಲಿ ಬಣ್ಣ ನಮೂದಾಗಿರುವುದರಿಂದ ಬದಲಾವಣೆಯನ್ನು ಆರ್‌ಟಿಒದಲ್ಲಿ ದಾಖಲಿಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. 800ರ ತಯಾರಿಕೆ ನಿಂತದ್ದು 2014ರಲ್ಲಿ. ಹೆಚ್ಚಿನವು 15 ವರ್ಷ ದಾಟಿ ಆರ್‌ಸಿ ನವೀಕರಣಕ್ಕೆ ಬಂದಿರುವಂಥವು. ಬಿಳಿ ಅಂತ ಬರೆದ ಆರ್‌ಸಿ ಹಿಡಿದು ಕಪ್ಪು ಕಾರನ್ನು ತಪಾಸಣೆಗೆ ಒಯ್ದರೆ ಎರಡು ಸಲ ಓಡಾಟ.

ಗೀರು ಬಿದ್ದರೆ ತೇಪೆ ಹಚ್ಚುವ ಹಾಗಿಲ್ಲ, ಅಂಚಿನಿಂದ ಅಂಚಿಗೆ ಇಡೀ ಪ್ಯಾನೆಲ್ ಹೊಡೆಯಬೇಕು. ಅದಕ್ಕಾಗಿ ಹಾರ್ಡ್‌ನರ್ ಬೆರೆಸದ ಕಾಲು ಲೀಟರ್ ಪೈಂಟನ್ನು ಸಣ್ಣ ಡಬ್ಬಿಯಲ್ಲಿ ಅಂಚಿನವರೆಗೂ ತುಂಬಿ ಮುಚ್ಚಿಡಿ. ಉಳಿದ ಹಾರ್ಡ್‌ನರನ್ನು ಇಟ್ಟುಕೊಳ್ಳುವುದು ವ್ಯರ್ಥ. ಒಮ್ಮೆ ಮುಚ್ಚಳ ತೆರೆದ ಡಬ್ಬಿ ಒಂದು ಮಳೆಗಾಲಕ್ಕೆ ಒಳಗೇ ಬೆಲ್ಲದ ಅಚ್ಚಾಗಿರುತ್ತದೆ. ಪ್ಯಾನೆಲ್ ಹೊಡೆಯುವಾಗ ಹಾರ್ಡ್‌ನರ್ ಮಾತ್ರ ಹೊಸದು ತನ್ನಿ.