ಹೊಸ ಬಾಯ್ಲರ್, ತಣ್ಣಗೆ ಕೂತ ರೇಡಿಯೇಟರ್: ಮೂರನೇ ಚಳಿಗಾಲದಲ್ಲಿ ಬರೆದ ವಿಮರ್ಶೆ

ಮನೆ ಬೆಚ್ಚಗಿಡೋಕೆ ಹಾಕಿಸಿದ ಗ್ಯಾಸ್ ಬಾಯ್ಲರ್‌ಗೆ ಐದರಲ್ಲಿ ನಾಲ್ಕೂವರೆ. ಹಾಕಿಕೊಟ್ಟ ಕಂಪನಿಗೆ ಎರಡು. ಎರಡಕ್ಕೂ ಸೇರಿಸಿ ಒಂದೇ ಅಂಕ ಕೊಡೋಕೆ ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1930ರ ದಶಕದ ಸೆಮಿ ಡಿಟ್ಯಾಚ್ಡ್ (ಒಂದು ಪಕ್ಕ ಇನ್ನೊಂದು ಮನೆಗೆ ಅಂಟಿದ) ಮನೆ. ಇಲ್ಲಿ ಬಾಯ್ಲರ್ ಕಾಯಿಸಿದ ನೀರು ಪೈಪಿನಲ್ಲಿ ಹರಿದು, ಒಂದೊಂದು ರೂಮಿನ ಗೋಡೆಯಲ್ಲಿರುವ ಲೋಹದ ರೇಡಿಯೇಟರ್ ಬಿಸಿ ಮಾಡಿ ವಾಪಸ್ ಬರುತ್ತೆ. ಹಳೇ ಬಾಯ್ಲರ್, ಅಟ್ಟದ ಮೇಲಿನ ತೊಟ್ಟಿ, ಬಿಸಿನೀರಿನ ಸಿಲಿಂಡರ್ ಎಲ್ಲ ತೆಗೆಸಿ ಕಾಂಬಿ ಬಾಯ್ಲರ್ (ಮನೆ ಕಾಯಿಸೋದೂ, ತೊಟ್ಟಿಯಿಲ್ಲದೆ ನಲ್ಲಿಗೆ ಬಿಸಿನೀರು ಕೊಡೋದೂ ಒಂದೇ ಯಂತ್ರ) ಹಾಕಿಸಿದೆವು. ರೇಡಿಯೇಟರ್‌ಗಳೂ ಎಲ್ಲ ಹೊಸವು. ನೆಲದಡಿಯ ತಾಮ್ರದ ಪೈಪು ಮಾತ್ರ ಹಳೇದು. ಕೆಲಸ ಚೊಕ್ಕವಾಗಿತ್ತು, ಹೇಳಿದ ದಿನಕ್ಕೇ ಮುಗಿಸಿದರು, ಕಸವನ್ನೂ ಗುಡಿಸಿಕೊಂಡು ಹೋದರು. ಬಾಯ್ಲರ್ ಹೊತ್ತಿತು, ನಲ್ಲಿಯಲ್ಲಿ ಬಿಸಿನೀರು ಬಂತು, ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಆಗಿನ್ನೂ ಸೆಪ್ಟೆಂಬರ್. ಚಳಿ ಶುರುವಾದ ಮೇಲೆ ಗೊತ್ತಾಯಿತು. ಬಾಗಿಲ ಬಳಿಯ ಪ್ಯಾಸೇಜಿನ ರೇಡಿಯೇಟರ್ ಕೈ ಇಡೋಕಾಗದಷ್ಟು ಸುಡುತ್ತಿತ್ತು. ಲಿವಿಂಗ್ ರೂಮಿನದು ಬರೀ ಉಗುರುಬೆಚ್ಚಗೆ. ಹಿಂದಿನ ಚಿಕ್ಕ ಬೆಡ್‌ರೂಮಿನದಂತೂ ಕಲ್ಲಿನ ಹಾಗೆ ತಣ್ಣಗೆ. ಅದೇ ರೂಮಿನಲ್ಲಿ ಮಂಡ್ಯದಿಂದ ಬಂದ ಅಮ್ಮ ಇದ್ದರು. ಸ್ವೆಟರ್ ಮೇಲೆ ಶಾಲು ಹೊದ್ದುಕೊಂಡು, "ಇದೇನ್ಲಾ ಮಗ, ಗೋಡೆಗೆ ಅಂದಕ್ಕೆ ಹಾಕ್ಸಿದ್ದೀಯಾ?" ಅಂದರು.

ಕಂಪನಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ, "ಗಾಳಿ ಸೇರಿರುತ್ತೆ, ಬ್ಲೀಡ್ ಮಾಡಿ." ಬ್ಲೀಡ್ ಅಂದರೆ ಆ ಗಾಳಿಯನ್ನ ಹೊರಗೆ ಬಿಡೋದು. ಹೊಸದಾಗಿ ನೀರು ತುಂಬಿಸಿದ ಸಿಸ್ಟಮ್‌ನಲ್ಲಿ ಗಾಳಿ ಇರೋದು ನಿಜ. ಆದರೆ ಗಾಳಿ ಸೇರಿದರೆ ರೇಡಿಯೇಟರ್‌ನ ಮೇಲ್ಭಾಗ ತಣ್ಣಗಿರುತ್ತದೆ, ಕೆಳಗೆ ಬಿಸಿ ಇರುತ್ತದೆ. ಕೆಳಗೆ ನಡುಭಾಗ ಮಾತ್ರ ತಣ್ಣಗಿದ್ದರೆ ಒಳಗೆ ರಾಡಿ ಕೂತಿದೆ ಅಂತ. ಇಡೀ ರೇಡಿಯೇಟರ್ ತಣ್ಣಗಿದ್ದರೆ ಮೊದಲು ನೋಡಬೇಕಾದ್ದು ವಾಲ್ವುಗಳನ್ನ. ಫೋನ್ ಎತ್ತಿದವರು ನಮ್ಮದು ಯಾವ ಥರ ತಣ್ಣಗಿದೆ ಅಂತ ಕೇಳಲೇ ಇಲ್ಲ. ನನಗೆ ಬೇಜಾರಾಗಿದ್ದು ಅಲ್ಲಿ.

ಬ್ಲೀಡ್ ಮಾಡಿದೆವು. ಬಾಯ್ಲರ್ ಆಫ್ ಮಾಡಿ, ಆರಿದ ಮೇಲೆ, ರೇಡಿಯೇಟರ್‌ನ ಮೇಲಿನ ಮೂಲೆಗೆ ಚಿಕ್ಕ ಹಿತ್ತಾಳೆ ಕೀ ಹಾಕಿ ಅರ್ಧ ಸುತ್ತು ತಿರುಗಿಸಿದರೆ ಉಸ್ ಅಂತ ಗಾಳಿ ಬರುತ್ತೆ, ಆಮೇಲೆ ನೀರು. ಬಟ್ಟೆ ಹಿಡಿದಿರಿ, ಆ ನೀರಿನ ಕಲೆ ಕಾರ್ಪೆಟ್‌ನಿಂದ ಹೋಗೋದಿಲ್ಲ. ಗಾಳಿ ಹೋದಷ್ಟೂ ಪ್ರೆಶರ್ ಇಳಿಯುತ್ತೆ. ಬಾಯ್ಲರ್ ಕೆಳಗಿನ ಫಿಲ್ಲಿಂಗ್ ಲೂಪ್ (ನೀರು ತುಂಬಿಸುವ ಕೊಳವೆ) ತೆರೆದು, ತಣ್ಣಗಿರುವಾಗ 1ರಿಂದ 1.5 ಬಾರ್ ನಡುವೆ ತಂದು ಮುಚ್ಚಬೇಕು. ಬಚ್ಚಲುಮನೆಯಲ್ಲಿ ಟವೆಲ್ ಹಾಕುವ ರೇಡಿಯೇಟರ್ ಇದರಿಂದಲೇ ಸರಿಹೋಯಿತು. ಮಿಕ್ಕಿದ್ದು ಹಾಗೇ ಇತ್ತು.

ಆಮೇಲೆ ಅವರ ಹುಡುಗನೊಬ್ಬ ಬಂದ. ಬಾಯ್ಲರ್‌ನ ಫ್ಲೋ ಟೆಂಪರೇಚರ್‌ (ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿ) 80 ಡಿಗ್ರಿಗೆ ಏರಿಸಿ, "ಹಳೇ ಮನೆ ಸರ್, ಹೀಗೇ" ಅಂತ ಹೊರಟುಹೋದ. ಪ್ಯಾಸೇಜು ಇನ್ನೂ ಜಾಸ್ತಿ ಕಾಯಿತು. ಲಿವಿಂಗ್ ರೂಮ್ ಇದ್ದಲ್ಲೇ ಇತ್ತು.

ಇಲ್ಲಿಂದ ಮುಂದೆ ನಾವೇ ಮಾಡಿಕೊಂಡಿದ್ದು. ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಗ್ಯಾಸಿನ ಕೆಲಸವನ್ನ ಗ್ಯಾಸ್ ಸೇಫ್ ಅನ್ನೋ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇದ್ದವರೇ ಮಾಡಬೇಕು. ಬಾಯ್ಲರ್‌ನ ಮುಚ್ಚಳ ಬಿಚ್ಚಬೇಡಿ. ರೇಡಿಯೇಟರ್‌ನ ನೀರಿನ ವಾಲ್ವು ತಿರುಗಿಸೋಕೆ ಯಾರ ಅಪ್ಪಣೆಯೂ ಬೇಡ.

ಒಂದೊಂದು ರೇಡಿಯೇಟರ್‌ಗೂ ಎರಡು ವಾಲ್ವು. ಒಂದರ ತಲೆಯ ಮೇಲೆ 1ರಿಂದ 5ರವರೆಗೆ ಅಂಕಿ, ನಾವು ದಿನಾ ತಿರುಗಿಸೋದು ಅದನ್ನೇ. ಇನ್ನೊಂದು ತುದಿಯಲ್ಲಿ ಸುಮ್ನೆ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಕೂತಿರೋದು ಲಾಕ್‌ಶೀಲ್ಡ್. ಟೋಪಿ ಎಳೆದರೆ ಒಳಗೆ ಹಿತ್ತಾಳೆಯ ಪುಟ್ಟ ಚೌಕ ಕಡ್ಡಿ. ಅಮ್ಮನ ರೂಮಿನದಕ್ಕೆ ಸ್ಪ್ಯಾನರ್ ಹಾಕಿ ಮುಚ್ಚುವ ಕಡೆಗೆ ತಿರುಗಿಸಿದೆ. ಅಲ್ಲಾಡಲಿಲ್ಲ. ಅಂದರೆ ಪೂರ್ತಿ ಮುಚ್ಚಿಯೇ ಇತ್ತು! ನೀರು ತುಂಬಿಸುವಾಗ ಮುಚ್ಚಿದ್ದನ್ನ ತೆರೆಯದೇ ಹೋಗಿದ್ದರು ಅಂತ ಕಾಣುತ್ತೆ. ತೆರೆಯುವ ಕಡೆಗೆ ಒಂದು ಸುತ್ತು ಕೊಡುತ್ತಿದ್ದಂತೆ ಒಳಗೆ ನೀರು ನುಗ್ಗುವ ಸದ್ದು. ಸ್ವಲ್ಪ ಹೊತ್ತಿಗೆ ಪೈಪು ಬಿಸಿಯಾಯಿತು, ಆಮೇಲೆ ಮೇಲಿನ ಅಂಚು, ಆಮೇಲೆ ಕೆಳಗೆ.

ಲಿವಿಂಗ್ ರೂಮಿನ ಕಥೆ ಬೇರೆ. ಅಲ್ಲಿ ವಾಲ್ವು ತೆರೆದೇ ಇತ್ತು. ಆದರೆ ಬಿಸಿನೀರು ಸಾಕಷ್ಟು ಬರುತ್ತಿರಲಿಲ್ಲ. ಮಂಡ್ಯದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಾಲೆಯ ಮೊದಲಲ್ಲಿ ಇರೋರು ತೂಬು ಪೂರ್ತಿ ಎತ್ತಿಕೊಂಡರೆ ಕೊನೇಭಾಗದ ರೈತನಿಗೆ ಏನು ಸಿಗುತ್ತೆ? ಬಾಯ್ಲರ್‌ಗೆ ಹತ್ತಿರವಿದ್ದ ಪ್ಯಾಸೇಜು ಎಲ್ಲ ಕುಡಿದುಬಿಡುತ್ತಿತ್ತು. ಇದು ಸಾಲದು ಅಂತ ಮನೆಯ ಗೋಡೆ ಥರ್ಮೋಸ್ಟಾಟ್ ಇದ್ದದ್ದೂ ಅದೇ ಪ್ಯಾಸೇಜಿನಲ್ಲಿ. ಪ್ಯಾಸೇಜು 20 ಡಿಗ್ರಿ ಮುಟ್ಟಿದ ತಕ್ಷಣ ಅದು "ಮನೆ ಬೆಚ್ಚಗಾಯಿತು" ಅಂದುಕೊಂಡು ಬಾಯ್ಲರ್ ನಿಲ್ಲಿಸುತ್ತಿತ್ತು. ಲಿವಿಂಗ್ ರೂಮಿನಲ್ಲಿ ನಾವು ನಡುಗುತ್ತಿದ್ದೆವು. 80ಕ್ಕೆ ಏರಿಸಿದ್ದರಿಂದ ಪ್ಯಾಸೇಜು ಇನ್ನೂ ಬೇಗ ಕಾದು ಬಾಯ್ಲರ್ ಇನ್ನೂ ಬೇಗ ನಿಲ್ಲುತ್ತಿತ್ತು, ಅಷ್ಟೆ.

ಇದಕ್ಕೆ ಮದ್ದು ಬ್ಯಾಲೆನ್ಸಿಂಗ್, ಅಂದರೆ ಎಲ್ಲ ರೇಡಿಯೇಟರ್‌ಗೂ ಬೇಕಾದಷ್ಟು ನೀರು ಸಿಗೋ ಹಾಗೆ ಹಂಚೋದು. ಹೊಸ ರೇಡಿಯೇಟರ್ ಹಾಕಿದವರು ಮಾಡಿಕೊಟ್ಟೇ ಹೋಗಬೇಕಾದ ಕೆಲಸ, ಆದರೆ ತಾಳ್ಮೆ ಬೇಡುವಂಥದ್ದು. ಎಲ್ಲ ವಾಲ್ವೂ ಪೂರ್ತಿ ತೆರೆದು, ಮನೆ ತಣ್ಣಗಿರುವಾಗ ಬಾಯ್ಲರ್ ಹಚ್ಚಿ, ಯಾವ ರೇಡಿಯೇಟರ್ ಮೊದಲು ಕಾಯುತ್ತೆ, ಯಾವುದು ಕೊನೆಗೆ ಅಂತ ಬರೆದುಕೊಳ್ಳಬೇಕು. ಆಮೇಲೆ ಮೊದಲು ಕಾದದ್ದರಿಂದ ಶುರುಮಾಡಿ ಲಾಕ್‌ಶೀಲ್ಡ್ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯೋದು. ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಅಂತ ಅಳೆಯೋದು. ಹಳೇ ಬಾಯ್ಲರ್ ಕಾಲದ ಲೆಕ್ಕ 11 ಡಿಗ್ರಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗೆ (ಹೊಗೆಯ ಶಾಖವನ್ನೂ ಹಿಡಿದುಕೊಳ್ಳುವಂಥದ್ದು, ನಮ್ಮದೂ ಅದೇ) 20ರವರೆಗೂ ಇರಬಹುದು. ಅಂಕಿಯ ಹಿಂದೆ ಬೀಳಬೇಡಿ, ಎಲ್ಲ ರೂಮಿನಲ್ಲೂ ಹೆಚ್ಚುಕಮ್ಮಿ ಒಂದೇ ಇದ್ದರೆ ಸಾಕು. ದೂರದವನ್ನ ಪೂರ್ತಿ ತೆರೆದೇ ಬಿಡಿ.

ಒಂದು ಸಣ್ಣ ವಿಷಯ ಯಾರೂ ಹೇಳೋದಿಲ್ಲ. ಗನ್ ಥರ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ತಾಮ್ರದ ಪೈಪಿನ ಮೇಲೆ ತಪ್ಪು ತೋರಿಸುತ್ತೆ. ಸುಡುವ ಪೈಪಿಗೆ 30 ಅನ್ನುತ್ತೆ. ಪೈಪಿಗೆ ಕಪ್ಪು ಇನ್ಸುಲೇಶನ್ ಟೇಪ್ ಒಂದು ಸುತ್ತು ಸುತ್ತಿ, ಅದರ ಮೇಲೆ ಅಳೆಯಿರಿ.

ನಾನು ಸ್ಪ್ಯಾನರ್ ಹಿಡಿದು ಕೆಳಗೆ, ನನ್ನ ಹೆಂಡತಿ ಥರ್ಮಾಮೀಟರ್ ಹಿಡಿದು ಮೇಲೆ. "ರೀ, ಇದು ಏರ್ತಾ ಇದೆ, ಸಾಕು ಬಿಡಿ" ಅಂತ ಮೆಟ್ಟಿಲ ಮೇಲಿಂದ ಕೂಗು. ಪ್ರತಿ ಸಲ ತಿರುಗಿಸಿದ ಮೇಲೂ ನೀರು ಒಂದು ಹದಕ್ಕೆ ಬರೋವರೆಗೆ ಕಾಯಬೇಕು, ಬೇಜಾರಿನ ಕೆಲಸ. ಕೊನೆಗೆ ಪ್ಯಾಸೇಜಿನ ಲಾಕ್‌ಶೀಲ್ಡ್ ಕಾಲು ಸುತ್ತಿಗಿಂತ ಕಮ್ಮಿ ತೆರೆದಿತ್ತು. ಅದಕ್ಕಿಂತ ಬಿಗಿ ಮಾಡಿದರೆ ಸಿಳ್ಳೆ ಹೊಡೆಯುತ್ತಿತ್ತು. ಅವತ್ತು ಸಂಜೆ ಲಿವಿಂಗ್ ರೂಮಿನಲ್ಲಿ ಅಮ್ಮ ಶಾಲು ತೆಗೆದಿಟ್ಟರು.

ಅದಾದ ಮೇಲೆ ಫ್ಲೋ ಟೆಂಪರೇಚರ್‌ 80ರಿಂದ 60ಕ್ಕೆ ಇಳಿಸಿದೆವು. ಕಂಡೆನ್ಸಿಂಗ್ ಬಾಯ್ಲರ್‌ನ ಗುಟ್ಟು ಇರೋದು ವಾಪಸ್ ಬರುವ ನೀರಿನಲ್ಲಿ. ಅದು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ, ಅದರ ಶಾಖವೂ ಮನೆಗೆ ಸಿಗುತ್ತೆ. ಇಲ್ಲದಿದ್ದರೆ ಆ ಶಾಖ ಹೊಗೆ ಪೈಪಿನಿಂದ ಬೀದಿಗೆ. ಈಗ ಮನೆ ನಿಧಾನ ಕಾಯುತ್ತೆ, ಆದರೆ ಎಲ್ಲ ರೂಮೂ ಒಟ್ಟಿಗೆ ಕಾಯುತ್ತೆ. ಹೊರಗೆ ಸೊನ್ನೆಗಿಂತ ಕೆಳಗಿಳಿದರೆ 65 ಮಾಡುತ್ತೇವೆ. ಬಿಸಿನೀರಿನ ಸಿಲಿಂಡರ್ ಇರುವ ಮನೆಯವರು ಮಾತ್ರ ಇದನ್ನ ಸುಮ್ನೆ ಇಳಿಸಬೇಡಿ. ಶೇಖರಿಸಿದ ನೀರು 60 ಡಿಗ್ರಿ ಮುಟ್ಟದಿದ್ದರೆ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ. ಕಾಂಬಿಯಲ್ಲಿ ಆ ತೊಟ್ಟಿಯೇ ಇಲ್ಲ.

ಮೂರು ಚಳಿಗಾಲದಲ್ಲಿ ಬಾಯ್ಲರ್ ಒಂದು ಸಲವೂ ಕೈಕೊಟ್ಟಿಲ್ಲ, ಸದ್ದೂ ಕಮ್ಮಿ. ಅರ್ಧ ಅಂಕ ಕಳೆದಿದ್ದು ಅದರ ಆಪ್‌ಗೆ, ವೈಫೈ ಹೋಗಿಬಂದರೆ ಮತ್ತೆ ಲಾಗಿನ್ ಕೇಳುತ್ತೆ. ವಾರಂಟಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಸರ್ವಿಸ್ ಕಡ್ಡಾಯ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಂಪನಿಯವರ ಪರವಾಗಿ ಒಂದು ಮಾತು: ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿದ್ದರು, ತುಕ್ಕು ತಡೆಯುವ ಇನ್ಹಿಬಿಟರ್ ಕೂಡ. ಬಿಎಸ್ 7593 ಅನ್ನೋ 2019ರ ಬ್ರಿಟಿಷ್ ಮಾನದಂಡ ಇವೆರಡನ್ನೂ ಕೇಳುತ್ತೆ. ಮೊದಲ ಸರ್ವಿಸ್‌ನಲ್ಲಿ ಆ ಫಿಲ್ಟರ್ ಬಿಚ್ಚಿದಾಗ ಅಯಸ್ಕಾಂತದ ಸುತ್ತ ಕಾಡಿಗೆಯಂಥ ಕಪ್ಪು ರಾಡಿ ದಪ್ಪಗೆ ಮೆತ್ತಿಕೊಂಡಿತ್ತು. ಹಳೇ ರೇಡಿಯೇಟರ್‌ಗಳಿಂದ ಬಂದು ಪೈಪಿನಲ್ಲಿ ಉಳಿದಿದ್ದ ಕಬ್ಬಿಣದ ತುಕ್ಕು ಅದು. ಮುಂದಿನ ವರ್ಷ ತೆಳ್ಳಗೆ ಒಂದು ಪದರ.

ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಮಗಳ ರೂಮಿನ ರೇಡಿಯೇಟರ್ ಮತ್ತೆ ತಣ್ಣಗಾಗಿತ್ತು. ಈ ಸಲ ಅಂಕಿ ಇರುವ ವಾಲ್ವಿನ ತಲೆ ಬಿಚ್ಚಿದರೆ ಒಳಗಿನ ಪಿನ್ ಕೆಳಗೇ ಕಚ್ಚಿಕೊಂಡಿತ್ತು. ಬೇಸಿಗೆಯೆಲ್ಲ ಮುಚ್ಚಿಟ್ಟರೆ ಹೀಗಾಗುತ್ತೆ. ಸ್ಪ್ಯಾನರ್‌ನ ಬೆನ್ನಿನಿಂದ ಮೆಲ್ಲಗೆ ತಟ್ಟಿ, ಒತ್ತಿ ಬಿಟ್ಟು ಮಾಡಿದರೆ ಪುಟಿದು ಮೇಲೆ ಬಂತು. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಪಿನ್ ಕಿತ್ತು ಬಂದರೆ ಹಿಂದೆಯೇ ನೀರು ಚಿಮ್ಮುತ್ತೆ. ಈಗ ಬೇಸಿಗೆಯಲ್ಲಿ ಎಲ್ಲವನ್ನೂ 5ಕ್ಕೆ ತಿರುಗಿಸಿ ಬಿಡುತ್ತೇವೆ, ತೊಂದರೆ ಮರುಕಳಿಸಿಲ್ಲ.

ಇದೇ ಬಾಯ್ಲರ್ ಮತ್ತೆ ಕೊಳ್ಳುತ್ತೇನಾ? ಖಂಡಿತ. ಅದೇ ಕಂಪನಿಯವರ ಕೈಲಿ ಹಾಕಿಸುತ್ತೇನಾ? ಇಲ್ಲ. ನೀವು ಹಾಕಿಸುವವರಾದರೆ ಕೊಟೇಶನ್‌ನಲ್ಲೇ "ಎಲ್ಲ ರೇಡಿಯೇಟರ್ ಬ್ಯಾಲೆನ್ಸ್ ಮಾಡಿ ಕೊಡಬೇಕು" ಅಂತ ಬರೆಸಿಕೊಳ್ಳಿ. ಕೊನೇ ಕಂತಿನ ದುಡ್ಡು ಕೊಡೋಕೆ ಮುಂಚೆ ಮನೆ ತಣ್ಣಗಿರೋ ಬೆಳಿಗ್ಗೆ ಬಾಯ್ಲರ್ ಹಚ್ಚಿಸಿ, ನೀವೇ ಒಂದೊಂದು ರೂಮಿಗೂ ಹೋಗಿ ಕೈಯಿಟ್ಟು ನೋಡಿ. ನಮ್ಮ ಬೀದಿಯ ತೆಲುಗಿನವರು ಕಳೆದ ವರ್ಷ ಹಾಗೇ ಬರೆಸಿಕೊಂಡರು, ಬೇರೆ ಕಂಪನಿ. ಬಂದವನು ಎರಡು ಕ್ಲಿಪ್ ಥರ್ಮಾಮೀಟರ್ ತಂದು ಅರ್ಧ ದಿನ ಕೂತು ಮಾಡಿಕೊಟ್ಟ. ಅದಕ್ಕೆ ಬೇರೆ ಬಿಲ್ ಹಾಕಲಿಲ್ಲವಂತೆ.