ವೈರಿಂಗ್ ಅರ್ಧ, ಬಿಲ್ ಪೂರ್ತಿ: ಪಾಯಿಂಟ್ ಎಣಿಸದೆ ರೊಕ್ಕ ಕೊಡಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುತ್ತಿದ್ದೀರಾ? ಹಾಗಾದರೆ ಇದನ್ನು ಓದಿಬಿಡಿ.

ಗೋಕುಲ ರೋಡ್ ಕಡೆ ಇರುವ ನಮ್ಮ ಮನೆಯ ವೈರಿಂಗನ್ನು ಪಾಯಿಂಟ್ ಲೆಕ್ಕದಲ್ಲಿ ಒಬ್ಬರಿಗೆ ಒಪ್ಪಿಸಿದ್ದೆವು. ಹೆಸರು ಬೇಡ. ಮಹಡಿಯ ಫ್ಯಾನ್ ಹುಕ್ಕುಗಳಲ್ಲಿ ಇನ್ನೂ ವೈರ್ ನೇತಾಡುತ್ತಿತ್ತು, ಅಷ್ಟರಲ್ಲೇ ಪೂರ್ತಿ ಬಿಲ್ ಬಂತು. 84 ಪಾಯಿಂಟ್, ಜೊತೆಗೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ), ಡಿಬಿ (ಮನೆಯ ಲೈನುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ) ಫಿಟ್ಟಿಂಗ್. "ಉಳಿದಿದ್ದು ಎರಡ್ ದಿನದ ಕೆಲಸ ರೀ ಸರ, ರೊಕ್ಕ ಹಾಕ್ರಿ, ಮುಗಿಸಿ ಕೊಡ್ತೀನಿ" ಅಂದ ಆಸಾಮಿ. ರೊಕ್ಕ ಹಾಕಲಿಲ್ಲ, ಆತ ಬರಲೂ ಇಲ್ಲ.

ಲೈಟ್, ಅದರ ಸ್ವಿಚ್, ನಡುವಿನ ವೈರ್ ಸೇರಿ ಒಂದು ಪಾಯಿಂಟ್ ಅಂತ ಮಾತಾಗಿತ್ತು. ಬಿಲ್ಲಿನಲ್ಲಿ ಸ್ವಿಚ್ಚೇ ಬೇರೆ ಪಾಯಿಂಟ್! ಗೀಸರ್‌ಗೆ 4 ಎಂಎಂ ವೈರ್ ಅಂತ ಬರೆದಿದ್ದ, ಎಳೆದಿದ್ದು ಮಾತ್ರ 2.5.

ಜಾಸ್ತಿ ಸಿಟ್ಟು ಬಂದಿದ್ದು ಅರ್ಥಿಂಗ್ ನೋಡಿ. ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಅಡುಗೆಮನೆಯ ಸಾಕೆಟ್ ಬಿಚ್ಚಿಸಿದೆ. ಹಸಿರು ವೈರ್ ಇತ್ತು. ಅದನ್ನು ಚೆಂದಾಗಿ ಸುತ್ತಿ ಬಾಕ್ಸಿನ ಮೂಲೆಗೆ ತುರುಕಿದ್ದ, ತುದಿಯನ್ನು ಸುಲಿದೂ ಇರಲಿಲ್ಲ. ಅಂಗಳದಲ್ಲಿ ಗುಂಡಿ ಇಲ್ಲ, ಪೈಪಿಲ್ಲ. ಗೀಸರ್‌ನ ಹೊರಮೈಗೆ ಕರೆಂಟ್ ಇಳಿದರೆ ಮುಟ್ಟಿದವರ ಗತಿ ಏನು? ಅದಕ್ಕೂ ಬಿಲ್ ಹಾಕಿದ್ದ ಪುಣ್ಯಾತ್ಮ.

ಫೋನಿನಲ್ಲಿ ಜಗಳಾಡಿ ಪ್ರಯೋಜನ ಆಗಲಿಲ್ಲ. "ವೈರ್ ಕಿತ್ಕೊಂಡ್ ಹೋಗ್ತೀನಿ" ಅಂತ ಹೆದರಿಸಿದ. ಆಮೇಲೆ ಕೋಣೆವಾರು ಪಾಯಿಂಟ್ ಪಟ್ಟಿ ಬರೆದು, ಬಿಚ್ಚಿದ ಸಾಕೆಟ್ಟಿನ ಫೋಟೊ ಸೇರಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ ಅಂತ ಬರೆದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಇದನ್ನೂ ಸೇರಿಸಿದೆ.

ಮಾರನೇ ದಿನವೇ ನಮ್ಮ ಮೇಸ್ತ್ರಿ ಜೊತೆ ಬಂದ. ಗೋಡೆ ಗೋಡೆಗೆ ನಿಂತು ಮೂವರೂ ಎಣಿಸಿದೆವು. 57 ಆಯಿತು. ಅರ್ಥಿಂಗ್, ಡಿಬಿ ಎರಡೂ ಬಿಲ್ಲಿನಿಂದ ಹೋದವು. ಗೀಸರ್ ವೈರ್ ಬದಲಿಸೋ ಖರ್ಚನ್ನೂ ಹಿಡಿದುಕೊಂಡೆ. "ಲೆಕ್ಕ ಚುಕ್ತಾ" ಅಂತ ಬರೆಸಿ ಸಹಿ ಹಾಕಿಸಿಕೊಂಡೆ, ಉಳಿದ ರೊಕ್ಕ ಕೊಟ್ಟೆ. ಬಾಕಿ ಕೆಲಸವನ್ನು ಆತನಿಗೆ ಕೊಡಲಿಲ್ಲ, ಆತನೂ ಕೇಳಲಿಲ್ಲ.

ಇನ್ನೊಂದು ಮಾತು. ಕಾಯಂ ಮೀಟರ್‌ಗೆ ನಮ್ಮ ಕಡೆಯ ಕರೆಂಟ್ ಕಂಪನಿ ಹೆಸ್ಕಾಂನವರು, ಲೈಸೆನ್ಸ್ ಇರುವ ಕಂಟ್ರಾಕ್ಟರ್‌ನ ವೈರಿಂಗ್ ವರದಿ ಕೇಳುತ್ತಾರೆ. ಕೆಲಸ ಒಪ್ಪಿಸುವ ಮೊದಲೇ ಲೈಸೆನ್ಸ್ ತೋರಿಸಿ ಅನ್ನಿ. ನಮ್ಮವನ ಹತ್ತಿರ ಅದೂ ಇರಲಿಲ್ಲ.