ಜೀವಂತ ಟ್ಯೂಬಿಫೆಕ್ಸ್: ಮೀನಿಗೆ ಹಬ್ಬ, ನನಗೆ ತಲೆಬಿಸಿ

ಐದಕ್ಕೆ ಎರಡು ಸ್ಟಾರ್. ಆ ಎರಡೂ ನನ್ನ ಗೋಲ್ಡ್‌ಫಿಶ್‌ಗಳ ಲೆಕ್ಕದಲ್ಲಿ.

ಮೀನಿಗೆ ತಿನ್ನಿಸಲು ತರಿಸಿದ ಈ ಕೆಸರು ಹುಳುಗಳು ಚೆನ್ನಾಗಿಯೇ ಬಂದವು. ಕೆಂಪು ಉಣ್ಣೆಯ ಉಂಡೆಯ ಹಾಗೆ. ಬಟ್ಟಲಿಗೆ ಹಾಕಿ ಬೆರಳು ತಾಗಿಸಿದರೆ ಇಡೀ ಉಂಡೆ ಮುದುಡಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಾಲ ಬಿಚ್ಚಿ ಆಡಿಸಲು ಶುರು. ಸತ್ತವು ಕಡಿಮೆ, ವಾಸನೆಯೂ ಇಲ್ಲ.

ನನ್ನ ತಕರಾರು ಲೇಬಲ್ ಮೇಲೆ. 'ಚೆನ್ನಾಗಿ ತೊಳೆದದ್ದು, ರೋಗದ ಭಯವಿಲ್ಲ' ಅಂತೆ. ಹೊರಗೆ ಎಷ್ಟು ತೊಳೆದರೇನು, ರೋಗ ಕೂತಿರುವುದು ಹುಳುವಿನ ಕರುಳಲ್ಲಿ ಅಲ್ವಾ?

ಟ್ರೌಟ್ ಮೀನಿನ ಮರಿಗಳನ್ನು ಗಿರಗಿರ ಸುತ್ತಿಸುವ ಮಿಕ್ಸೊಬೋಲಸ್ ಸೆರೆಬ್ರಾಲಿಸ್ ಎಂಬ ಪರಾವಲಂಬಿಯ ಕತೆ ನೋಡಿ. ಸತ್ತ ಮೀನು ಕೊಳೆತಾಗ ಈ ಪರಾವಲಂಬಿಯ ಬೀಜಕಣ ಕೆಸರು ಸೇರುತ್ತದೆ. ಟ್ಯೂಬಿಫೆಕ್ಸ್ ಆ ಕೆಸರು ತಿನ್ನುತ್ತದೆ. ಹುಳುವಿನ ಕರುಳಿನ ಗೋಡೆಯಲ್ಲಿ ಪರಾವಲಂಬಿ ಸುಮಾರು ಮೂರು ತಿಂಗಳು ಬೆಳೆದು, ಬೇರೆಯೇ ವೇಷದಲ್ಲಿ ಹೊರಬರುತ್ತದೆ: ಮೂರು ಕೊಂಬಿನ ಲಂಗರು. ತೇಲುತ್ತಾ ಮೀನಿನ ಮೈ ತಾಗಿದ್ದೇ ತಡ, ನೂಲಿನಂಥ ಬಾಣ ಬಿಟ್ಟು ಅಂಟಿಕೊಳ್ಳುತ್ತದೆ. ಒಳಗಿನ ಕಣಗಳು ಚರ್ಮಕ್ಕೆ ಇಳಿದು, ನರದ ದಾರಿ ಹಿಡಿದು, ಮೆದುಮೂಳೆ ತಿನ್ನುತ್ತವೆ. (ಈ ಜೀವಿ ಜೆಲ್ಲಿಫಿಶ್ ಬಳಗದ್ದು, ನಂಬಿ!) ಎರಡು ವೇಷವೂ ಎಷ್ಟು ಬೇರೆ ಅಂದರೆ, ಬೇರೆ ಬೇರೆ ಜೀವಿ ಎಂದೇ ವರ್ಗ ಮಾಡಿಟ್ಟಿದ್ದರು. ಎರಡೂ ಒಂದೇ ಎಂದು ವುಲ್ಫ್ ಮತ್ತು ಮಾರ್ಕಿವ್ ಎಂಬ ವಿಜ್ಞಾನಿಗಳು ತೋರಿಸಿದ್ದು 1984ರಲ್ಲಿ.

ಮೀನಿನಿಂದ ಮೀನಿಗೆ ನೇರವಾಗಿ ಇದು ಹರಡುವುದಿಲ್ಲ. ಮಧ್ಯೆ ಹುಳು ಬೇಕೇ ಬೇಕು. ನಾನು ಕೊಂಡದ್ದು ಆ ದಲ್ಲಾಳಿಯನ್ನೇ!

ಟ್ರೌಟ್ ಕತೆ ನಮಗ್ಯಾಕೆ ಅನ್ನಬೇಡಿ. ಗೋಲ್ಡ್‌ಫಿಶ್‌ನ ಮೂತ್ರಪಿಂಡ ಊದಿಸುವ ಹೊಫೆರೆಲ್ಲಸ್ ಎಂಬ ಪರಾವಲಂಬಿ ಕೂಡ ಇಂಥ ಹುಳುಗಳಲ್ಲೇ ಬೆಳೆಯುತ್ತದೆ.

ಸುಮ್ನೆ ಅನುಮಾನ ಪಡುವುದು ಯಾಕೆ ಅಂತ ಒಂದು ಹಿಡಿ ಹುಳುವನ್ನು ರಾತ್ರಿಯಿಡೀ ಶುದ್ಧ ನೀರಲ್ಲಿಟ್ಟೆ. ಬೆಳಿಗ್ಗೆ ಆ ನೀರನ್ನು ತೆಳು ಜಾಲರಿಯಲ್ಲಿ ಸೋಸಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಮೂರನೇ ಸ್ಲೈಡಿನಲ್ಲಿ ಸಿಕ್ಕಿತು, ಗಾಜಿನ ಲಂಗರಿನಂಥದ್ದು. ಒಂದೇ ಒಂದು. ಯಾವ ಮೀನನ್ನು ಹಿಡಿಯುವ ಜಾತಿ ಅಂತ ಬರೀ ಆಕಾರ ನೋಡಿ ಹೇಳಲಾಗದು, ಅದು ನಿಜ. ಆದರೆ 'ಭಯವಿಲ್ಲ' ಎಂಬ ಮಾತಂತೂ ಸುಳ್ಳಾಯಿತು. ಮಾರಿದವರಿಗೆ ಬರೆದೆ. 'ಇನ್ನೂ ಜಾಸ್ತಿ ತೊಳೆಯಿರಿ' ಎಂದು ಉತ್ತರ ಬಂತು.

ಈಗ ಒಣಗಿಸಿದ ಟ್ಯೂಬಿಫೆಕ್ಸ್ ತರಿಸುತ್ತಿದ್ದೇನೆ. ಒಣಗಿದರೆ ಆ ಲಂಗರು ಬದುಕುವುದಿಲ್ಲ. ಮೀನುಗಳು ಮೊದಲ ದಿನ ಬಾಯಿಗೆ ಹಾಕಿ ಉಗುಳಿದವು. ಮೂರನೇ ದಿನ ತಿಂದವು.